ನ್ಯೂಟ್ರಲ್‌ನಲ್ಲಿ ಇಳಿಸಿದ ಘಾಟಿ

ಹಳೆಯ ಫೋರ್‌ವೀಲ್ ಡ್ರೈವ್ ಜೀಪು ಕೊಂಡು, ಬಂಗಾರಪೇಟೆಯ ಗ್ಯಾರೇಜಿನಲ್ಲಿ ಮಂಚ, ಒಲೆ, ನೀರಿನ ಟ್ಯಾಂಕು ಕೂಡಿಸಿ ಕ್ಯಾಂಪರ್ ಮಾಡಿಸಿದ್ದೆ. ಕೆ.ಜಿ.ಎಫ್.ನ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆಯೇ ಇರುವವನು. ಗಾಡಿ ಓಡಿಸುವುದನ್ನು ಯಾರೂ ನನಗೆ ಹೇಳಿಕೊಡಬೇಕಿಲ್ಲ ಎಂಬ ಜಂಬ. ಮೊದಲ ಪ್ರವಾಸಕ್ಕೆ ತನ್ನ ಅಪ್ಪನೂ ಬರುತ್ತಾರೆಂದು ಹೆಂಡತಿ ಹೇಳಿದಾಗ ಮುಖ ಗಂಟಿಕ್ಕಿಕೊಂಡಿದ್ದೆ.

ಮಾವ ಚಿನ್ನದ ಗಣಿಯಲ್ಲಿ ವೈಂಡರ್ ಓಡಿಸುತ್ತಿದ್ದವರು. ಕಾರ್ಮಿಕರು ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ನೆಲದಾಳಕ್ಕೆ ಇಳಿಸುವ ಕೆಲಸ. ಕಾರು ಓಡಿಸಲು ಬಾರದು.

ರಾಜ್ಯದ ಗಡಿಯಾಚೆಯ ಘಾಟಿ ಇಳಿಯುವಾಗ, ಹಳೆಯ ಚಾಳಿಯಂತೆ, ಡೀಸೆಲ್ ಉಳಿಯಲೆಂದು ನ್ಯೂಟ್ರಲ್‌ಗೆ ಹಾಕಿದೆ. ನಮ್ಮ ಕಡೆ ಇದು ಜಾಣತನವೆಂದೇ ನಡೆಯುತ್ತದೆ. ಖಾಲಿ ಜೀಪಿಗೆ ನಡೆದದ್ದು ಈ ಭಾರಕ್ಕೆ ನಡೆಯಲಿಲ್ಲ. ಮೂರನೇ ತಿರುವಿಗೆ ಸುಟ್ಟ ವಾಸನೆ. ನಾಲ್ಕನೆಯದಕ್ಕೆ ಬ್ರೇಕು ಎಷ್ಟು ಒತ್ತಿದರೂ ಗಾಡಿ ನಿಧಾನವಾಗಲಿಲ್ಲ. ಹಿಂದೆ ಹೆಂಡತಿ ಏನೂ ತಿಳಿಯದೆ ಕಡಲೆಕಾಯಿ ಬಿಡಿಸುತ್ತಿದ್ದಳು. ನಾನು ಬ್ರೇಕನ್ನೇ ಮತ್ತೆ ಮತ್ತೆ ತುಳಿಯುತ್ತಿದ್ದೆ.

"ಬರೀ ಬ್ರೇಕ್‌ನ ನಂಬ್‌ಬೇಡಪ್ಪ," ಎಂದರು ಪಕ್ಕದಲ್ಲಿದ್ದ ಮಾವ, ಅನ್ನ ಬಡಿಸು ಎನ್ನುವಷ್ಟು ಸಮಾಧಾನದಿಂದ. "ಗೇರ್‌ಗಾಕು. ಭಾರಾನ ಇಂಜಿನ್ ಇಡ್ಕೊಳ್ಳಿ."

ಆಕ್ಸಿಲರೇಟರ್ ಒತ್ತಿ ಮೂರನೇ ಗೇರಿಗೆ ಹಾಕಿದೆ, ಇಂಜಿನ್ ಕಿರುಚಿತು. ಆಮೇಲೆ ಎರಡು. ಗಾಡಿ ಒದರುತ್ತ ಹಿಡಿತಕ್ಕೆ ಬಂದು, ರಸ್ತೆ ಬದಿಯ ಸಮತಟ್ಟಿನಲ್ಲಿ ಹ್ಯಾಂಡ್‌ಬ್ರೇಕಿಗೆ ನಿಂತಿತು.

ಚಕ್ರ ತಣಿಯುವವರೆಗೆ ಕೂತೆವು. ಬೈಗುಳಕ್ಕೆ ಕಾದಿದ್ದೆ, ಅವರು ಬೈಯಲಿಲ್ಲ. ನಾನು ಗಾಡಿಯನ್ನು ತೀರ ನಿಧಾನಗೊಳಿಸುವ ಲೋ ರೇಂಜಿನಲ್ಲಿ ಮೊದಲನೇ ಗೇರಿಗೆ ಹಾಕಿ ಹೊರಡುವಾಗ ಮಾವ ಡ್ಯಾಶ್‌ಬೋರ್ಡಿನ ಮೇಲೆ ಮೂರು ಸಲ ತಟ್ಟಿದರು. "ಗಣೀಲಿ ಮೂರ್ ಸಲ ಗಂಟೆ ಒಡುದ್ರೆ, ಕೇಜಲ್ಲಿರೋದು ಕಲ್ಲಲ್ಲ, ಜನ ಅಂತ," ಎಂದರು. "ಆಗ ಇಳ್ಸೋದೇ ಬೇರೆ." ಉಳಿದ ಘಾಟಿಯನ್ನು ನಡೆಯುವವರಿಗಿಂತ ತುಸು ಬೇಗ ಇಳಿದೆ. ಬ್ರೇಕು ಮುಟ್ಟಿದ್ದು ತಿರುವುಗಳಲ್ಲಿ ಮಾತ್ರ. ಹಿಂದಿನ ಲಾರಿಗಳು ಹಾರ್ನ್ ಹೊಡೆದವು. ಹೊಡೆದುಕೊಳ್ಳಲಿ.

ಕೆಳಗಿನ ಅಂಗಡಿಯಲ್ಲಿ ಮಾವ ಲೋಟ ಎತ್ತಿದರೆ ಟೀ ಅಂಗಿಯ ಮೇಲೆ ತುಳುಕಿತು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಅಷ್ಟು ವರ್ಷ ಜನರನ್ನ ಇಳಿಸಿದೋರು, ನೀವೂ ಹೆದರಿದ್ರಾ ಮಾವ?" ಎಂದೆ.

"ಅಲ್ಲಿ ಲಿವರ್ ನನ್ ಕೈಲಿತ್ತು," ಎಂದರು. "ಇಲ್ಲಿ ಇಂದ್ಗಡೆ ನನ್ ಮಗ್ಳು. ಲಿವರ್ ನಿನ್ ಕೈಲಿ."

ನಾನು ಧೈರ್ಯಗೆಡಬಾರದೆಂದು ತಮ್ಮ ಹೆದರಿಕೆಯನ್ನು ಅವರು ಘಾಟಿಯುದ್ದಕ್ಕೂ ನುಂಗಿಕೊಂಡಿದ್ದರು. ಮಾವನಿಗೆ ಥ್ಯಾಂಕ್ಸ್ ಹೇಳುವ ರೂಢಿ ನಮ್ಮಲ್ಲಿಲ್ಲ. ನಾನು ಹೇಳಿದೆ.