ಗೌರಿಯ ಮುಖಕ್ಕೆ ಹತ್ತಿದ ಬೆಳ್ಳಿ

ನಾನು ಮುದ್ದೇಬಿಹಾಳಕ್ಕೆ ಸೊಸೆಯಾಗಿ ಬಂದ ಎರಡನೆಯ ವರ್ಷ, ಎಪ್ಪತ್ತರ ದಶಕದ ನಡುವೆ, ಮನೆಯ ಗೌರಿಯರಿಗೆ ಬೆಳ್ಳಿ ಗಿಲೀಟು, ಅಂದರೆ ತೆಳು ಬೆಳ್ಳಿಯ ಲೇಪ, ಕೊಡಿಸಬೇಕೆಂದು ಅತ್ತೆಯವರು ನಿಶ್ಚಯಿಸಿದರು. ಭಾದ್ರಪದದಲ್ಲಿ ಮೂರು ದಿನ ಮನೆಗೆ ಬರುವ ಅಕ್ಕ-ತಂಗಿ ಗೌರಿಯರು. ಹಿತ್ತಾಳೆಯ ಮುಖಗಳು, ಅಂಗೈಗಿಂತ ತುಸು ದೊಡ್ಡವು. ಪ್ರತಿವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತಂಗಿಯ ಮೂಗು ಅಕ್ಕನದಕ್ಕಿಂತ ಮೊಂಡಾಗಿತ್ತು. ಬೆಳ್ಳಿಗೆಂದು ಅತ್ತೆಯವರು ತವರಿನಿಂದ ತಂದಿದ್ದ, ಈಗ ಸೀಳುಬಿಟ್ಟ ಬೆಳ್ಳಿ ಬಟ್ಟಲನ್ನು ತಟ್ಟಿಸಿ ಒಂದು ಪಟ್ಟಿ ಮಾಡಿಸಿದ್ದರು.

ಗಿಲೀಟಿನ ಅಂಗಡಿ ಬಜಾರದಲ್ಲಿತ್ತು. ಅಂಗಡಿಯಾತ ಸಿಂದಗಿ ಕಡೆಯಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ಹಬ್ಬದ ಮುಂದಿನ ಹದಿನೈದು ದಿನಗಳ ಗಿರಾಕಿಯೇ ಅವನಿಗೆ ಆಸರೆ. ಚೀನೀಮಣ್ಣಿನ ಅಗಲ ಭರಣಿ, ಲಾರಿಯ ಬ್ಯಾಟರಿ, ಮುಳ್ಳು ತೋರಿಸುವ ಒಂದು ಸಣ್ಣ ಮೀಟರು, ಇಷ್ಟೇ ಅವನ ಸಾಮಾನು.

"ಬಾಯಾರ, ಮದಲ ಮುಖಾ ತೂಗಿ ಬಿಡೂನ್ರಿ. ಆಮ್ಯಾಲೂ ತೂಗಿದ್ರ ಎಷ್ಟ ಬೆಳ್ಳಿ ಹತ್ತೇತಿ ಗೊತ್ತಾಕ್ಕೈತಿ," ಎಂದ.

ಅತ್ತೆಯವರು ಮುಖಗಳನ್ನು ಎದೆಗವಚಿಕೊಂಡರು. "ಏನಂದಿ? ಗೌರೀನ ತಕ್ಕಡ್ಯಾಗ ಕೂಡಸ್ತೀಯಾ? ನಿಮ್ಮವ್ವನ್ನ ಬಜಾರದಾಗ ತೂಗ್ತೀಯೇನು?"

"ತಪ್ಪಾತ್ರಿ," ಎಂದು ಆತ ಎರಡೂ ಕಿವಿ ಹಿಡಿದುಕೊಂಡ.

ಹಾಗಾಗಿ ಪಟ್ಟಿಯನ್ನಷ್ಟೇ ತೂಗಿದ್ದಾಯಿತು: ಇಪ್ಪತ್ತೈದು ಗ್ರಾಂ. ಪಟ್ಟಿ ಒಂದು ಕಡೆ, ತಂತಿಗೆ ಕಟ್ಟಿದ ಗೌರಿಯರು ಇನ್ನೊಂದು ಕಡೆ ಭರಣಿಯ ನೀರಿಗಿಳಿದರು. "ವಿಷದ ನೀರೈತ್ರಿ ಅಕ್ಕಾರ, ದೂರ ಕುಂಡ್ರಿ," ಎಂದು ನನ್ನನ್ನು ಹಿಂದೆ ಸರಿಸಿದ. ಗೌರಿಯರನ್ನು ಬಿಟ್ಟುಹೋಗಲು ಅತ್ತೆಯವರು ಒಪ್ಪದೆ, ಇಬ್ಬರೂ ಅಲ್ಲಿಯೇ ಕೂತೆವು. ಮೀಟರಿನ ಮುಳ್ಳು ಒಂದು ಆಂಪಿಯರಿನ ಮೇಲೆ ಅಲುಗದೆ ನಿಂತಿತ್ತು. ನನ್ನ ಕೈಗಡಿಯಾರದಲ್ಲಿ ಸರಿಯಾಗಿ ಒಂದು ತಾಸು. ಹೊರಗೆ ತೆಗೆದಾಗ ಗೌರಿಯರು ಹೊಳೆಯುತ್ತಿರಲಿಲ್ಲ. ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದರು. ನನಗೆ ಅದೇ ಚೆಂದ ಕಂಡಿತು.

ಪಟ್ಟಿಯನ್ನು ಮತ್ತೆ ತೂಗಿದ. ಇಪ್ಪತ್ತೊಂದು ಗ್ರಾಂ.

"ನಾಕು ಗ್ರಾಂ ಹೋತೇನು? ಇಷ್ಟು ತೆಳು ಬಣ್ಣಕ್ಕ?" ಅತ್ತೆಯವರ ಹುಬ್ಬು ಮೇಲೇರಿತು.

"ಪಟ್ಟಿಯಿಂದ ಇಳದದ್ದು ಎಲ್ಲಾ ಮುಖಕ್ಕ ಹತ್ತೇತ್ರಿ."

"ನೀ ಅಂತೀ. ನೀ ಹೇಳವಾ, ಸೈನ್ಸ್ ಕಲತಾಕಿ."

ಕಾನ್ವೆಂಟ್ ಕಾಲೇಜಿನ ಸಿಸ್ಟರ್ ಕಲಿಸಿದ್ದು ನೆನಪಿತ್ತು. ಎಷ್ಟು ವಿದ್ಯುತ್ ಹರಿಯಿತೋ ಅದಕ್ಕೆ ತಕ್ಕಷ್ಟೇ ಲೋಹ, ಕಣ್ಣಳತೆ ಬೇಡ. ಒಂದು ಆಂಪಿಯರ್, ಮೂರು ಸಾವಿರದ ಆರುನೂರು ಸೆಕೆಂಡು. ಅಂದರೆ ಮೂರು ಸಾವಿರದ ಆರುನೂರು ಕೂಲಂಬ್. ಬೆಳ್ಳಿಯ ಪರಮಾಣು ತೂಕ ನೂರಾ ಎಂಟನ್ನು ಎರಡರಿಂದ ಭಾಗಿಸಿ, ಕೂಲಂಬಿನಿಂದ ಗುಣಿಸಿ, ಪಾಠದ ಸ್ಥಿರಾಂಕ ತೊಂಬತ್ತಾರು ಸಾವಿರದ ಐನೂರರಿಂದ ಭಾಗಿಸಿದೆ. ಕಾಗದದ ಪೊಟ್ಟಣದ ಬೆನ್ನಿಗೆ ಉತ್ತರ ಬಂತು.

"ಎರಡೇ ಗ್ರಾಂ ಹತ್ತಬೇಕು, ಅತ್ಯಾ."

ಮೆತ್ತಗೇ ಹೇಳಿದೆ, ಆದರೆ ಎಲ್ಲರಿಗೂ ಕೇಳಿಸಿತು. ಸರದಿಗೆ ಕಾಯುತ್ತಿದ್ದ ನಮ್ಮ ಓಣಿಯ ಇಬ್ಬರು ಹೆಂಗಸರು ತಮ್ಮ ಆರತಿ ತಟ್ಟೆಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದುಹೋದರು. ಆತ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದ. ಬೆರಳ ತುದಿಗಳು ಕಪ್ಪಾಗಿದ್ದವು. "ಲೆಕ್ಕಾ ನನಗ ಬರೂದಿಲ್ರಿ ಅಕ್ಕಾರ. ಖರೇ ಹೇಳ್ತೇನಿ, ನಿಮ್ಮ ಬೆಳ್ಳಿ ನಾ ಮುಟ್ಟಿಲ್ಲ."

ಆ ಕೈಗಳು ಮನೆಯವರೆಗೂ ನನ್ನ ಕಣ್ಣ ಮುಂದಿದ್ದವು. ಊಟವಾದ ಮೇಲೆ ಟ್ರಂಕಿನಿಂದ ಕಾಲೇಜಿನ ನೋಟುಪುಸ್ತಕ ತೆಗೆದೆ. ನಾವು ಪ್ರಯೋಗ ಮಾಡಿದ್ದೆಲ್ಲ ತಾಮ್ರದಲ್ಲಿ. ತಾಮ್ರದ ಒಂದೊಂದು ಕಣಕ್ಕೂ ಎರಡೆರಡು ಪಾಲು ವಿದ್ಯುತ್ ಬೇಕು, ಅದಕ್ಕೇ ಅಲ್ಲಿ ಎರಡರಿಂದ ಭಾಗಿಸುವುದು. ಬೆಳ್ಳಿಗೆ ಒಂದೇ ಪಾಲು ಸಾಕು. ರೂಢಿಬಿದ್ದ ಕೈ ಬೆಳ್ಳಿಯನ್ನೂ ಅರ್ಧ ಮಾಡಿಬಿಟ್ಟಿತ್ತು. ಮತ್ತೆ ಹಾಕಿದೆ: ನಾಲ್ಕು ಗ್ರಾಂ, ಮೇಲೆ ಒಂದು ಕೂದಲೆಳೆಯಷ್ಟು.

ಅತ್ತೆಯವರು ಹತ್ತಿ ಹೊಸೆಯುತ್ತಾ ಕೂತಿದ್ದರು.

"ಅತ್ಯಾ, ಲೆಕ್ಕಾ ನಂದೇ ತಪ್ಪಾಗ್ಯದ. ನಾಕೂ ಗ್ರಾಂ ಗೌರಿ ಮುಖದ ಮ್ಯಾಲೇ ಅದ."

"ಮುಂಜಾನಿ ಎರಡು ಅಂದಿ?"

"ತಾಮ್ರದ ಲೆಕ್ಕಾ ಬೆಳ್ಳಿಗೆ ಹಾಕಿದೆ."

ಅವರು ಕೈಯಲ್ಲಿದ್ದ ಬತ್ತಿಯನ್ನು ಪೂರ್ತಿ ಹೊಸೆದು ತಟ್ಟೆಗಿಟ್ಟರು. "ಕಾನ್ವೆಂಟಿನಾಗ ಇದನ್ನಽ ಕಲಿಸಿದ್ರೇನು, ಮಂದಿ ಮರ್ಯಾದಿ ತಗಿಯೂದು?" ನನ್ನ ಮುಖ ನೋಡಿ ದನಿ ಇಳಿಸಿದರು. "ನಾನೂ ಹುಬ್ಬು ಏರಿಸಿದಾಕೀನಽ. ಏಳು, ಚಪ್ಪಲಿ ಹಾಕ್ಕೋ. ಮದಲ ಆ ಇಬ್ಬರ ಮನೀಗೆ ಹೋಗೂಣು."

ಹೋದೆವು. ಇಬ್ಬರನ್ನೂ ತಟ್ಟೆಗಳೊಂದಿಗೆ ಕರೆದುಕೊಂಡೇ ಅಂಗಡಿಗೆ ನಡೆದೆವು. ಅವರೆದುರಿಗೇ ತಪ್ಪು ನನ್ನದು ಎಂದೆ. ಹೇಳಿದ ಮೇಲೆ ಹಗುರೆನಿಸಿತು.

ಆತ ಗೂಡಿನಿಂದ ಸುಣ್ಣದ ಕಡ್ಡಿ ತೆಗೆದು ನನ್ನ ಕೈಗಿಟ್ಟ. "ಆ ಲೆಕ್ಕಾ ಗ್ವಾಡಿ ಮ್ಯಾಲ ಬರದ ಕೊಡ್ರಿ ಅಕ್ಕಾರ. ನಾಳೆ ಮತ್ತೊಬ್ರು ಕೇಳಿದ್ರ ನಾ ಕೈ ತೋರಿಸ್ಕೋತ ನಿಂದ್ರೂದು ಬ್ಯಾಡ."

ಬ್ಯಾಟರಿಯ ಮೇಲಿನ ಗೋಡೆಗೆ ಬರೆದೆ: ಒಂದು ಆಂಪಿಯರ್, ಒಂದು ತಾಸು, ನಾಲ್ಕು ಗ್ರಾಂ ಬೆಳ್ಳಿ. ಆತ ಬೆರಳಿಟ್ಟು ಎರಡು ಸಲ ಓದಿಕೊಂಡ.

ಹೆಂಗಸರಲ್ಲಿ ಹಿರಿಯಾಕೆ ಕೇಳಿದಳು, "ಅರ್ಧಾ ತಾಸು ಇಟ್ರ?"

ನಾನು ಬಾಯಿ ತೆರೆಯುವ ಮೊದಲೇ ಆತ ಅಂದ: "ಎರಡ್ರಿ ಅವ್ವಾರ."

ಆಕೆ ಸೆರಗಿನ ಸುತ್ತು ಬಿಚ್ಚಿ ಆರತಿ ತಟ್ಟೆಯನ್ನು ಅವನ ಮುಂದಿಟ್ಟಳು.