ಬೆಲ್ಲದ ನೀರಿನಲ್ಲಿ ಉರಿದ ಬಲ್ಬು

ಮೊನ್ನೆ ಮೂಡುಬಿದಿರೆಯ ಅಂಗಡಿಯೊಂದರಲ್ಲಿ ಬೆಲ್ಲದ ಡಬ್ಬದ ಮುಚ್ಚಳ ತೆಗೆದರು. ಸ್ವಲ್ಪ ಹುಳಿ, ಸ್ವಲ್ಪ ಹೊಗೆಯ ಆ ವಾಸನೆಗೆ ನಮ್ಮ ಶಾಲೆಯ ಅಡುಗೆ ಅಕ್ಕನ ನೆನಪಾಯಿತು.

ನಾನಾಗ ಬಂಟ್ವಾಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ವರ್ಷ ವರ್ಷವೂ ಮುಂದುವರಿಸಿದರೆ ಮಾತ್ರ ಕೆಲಸ. ಅಕ್ಕ ಬಿಸಿಯೂಟ ಮಾಡುತ್ತಿದ್ದರು. ಅಡುಗೆಕೋಣೆಯ ಪಕ್ಕದಲ್ಲೇ ನನ್ನ ತರಗತಿ. ಅನ್ನ ಬೇಯುವಷ್ಟು ಹೊತ್ತು ಕಿಟಕಿಯ ಬಳಿ ನಿಂತು ಪಾಠ ಕೇಳುತ್ತಿದ್ದರು.

ಒಂದು ದಿನ ಅಧಿಕಾರಿಯೊಬ್ಬರು ಪಾಠ ನೋಡಲು ಬಂದರು. ನನ್ನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬುದು ಅವರ ವರದಿಯ ಮೇಲಿತ್ತು. ಪಾಠ ವಿದ್ಯುದ್ವಿಭಾಜ್ಯಗಳದ್ದು. ಉಪ್ಪು ನೀರಿನಲ್ಲಿ ಕರಗಿದರೆ ಅಯಾನುಗಳಾಗಿ ಬಿಡಿಬಿಡಿಯಾಗುತ್ತದೆ, ಕರೆಂಟು ಹರಿಯುತ್ತದೆ. ಸಕ್ಕರೆ ಕರಗಿದರೂ ಹಾಗಾಗುವುದಿಲ್ಲ. ಉಪ್ಪುನೀರಿನ ಲೋಟದಲ್ಲಿ ಬ್ಯಾಟರಿಗೆ ಜೋಡಿಸಿದ ತಂತಿಗಳನ್ನು ಮುಳುಗಿಸಿದೆ, ಪುಟ್ಟ ಎಲ್‌ಇಡಿ ಬಲ್ಬು ಹೊತ್ತಿತು. ಸಕ್ಕರೆ ಮುಗಿದಿದ್ದರಿಂದ ಅಕ್ಕ ಬೆಲ್ಲದ ನೀರು ಮಾಡಿಕೊಟ್ಟಿದ್ದರು. ಮನೆಗೆ ಬಂದವರಿಗೆ ಬೆಲ್ಲ, ನೀರು ಕೊಟ್ಟೇ ಬೆಳೆದವರು ನಾವು. ಸಿಹಿ ಯಾವುದಾದರೇನು ಎಂದು ನಾನೂ ಒಪ್ಪಿದ್ದೆ. "ಇದರಲ್ಲಿ ಉರಿಯುವುದಿಲ್ಲ, ನೋಡಿ" ಎಂದು ತಂತಿ ಇಳಿಸಿದೆ.

ಉರಿಯಿತು.

"ಬಲ್ಬಿಗೆ ಬಾಯಾರಿಕೆ ಆಗಿತ್ತು ಟೀಚರ್!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ಗೊಳ್ಳೆಂದಿತು. ಯಾಕೆ ಹೀಗಾಯಿತೆಂದು ಅಧಿಕಾರಿ ಕೇಳಿದರು. ನಾನು ತಂತಿ ಎತ್ತಿ ಒರೆಸಿ ಮತ್ತೆ ಇಳಿಸಿದೆ. ಮತ್ತೆ ಉರಿಯಿತು.

ಕಿಟಕಿಯಿಂದ ಅಕ್ಕನ ಸ್ವರ ಬಂತು. "ಬೆಲ್ಲ ಸಕ್ಕರೆಯಷ್ಟು ಚೊಕ್ಕ ಅಲ್ಲ ಸರ್. ನನ್ನ ತಾಯಿಮನೆಯಲ್ಲಿ ಬೆಲ್ಲ ಕಾಯಿಸ್ತಿದ್ರು. ಕಬ್ಬಿನ ಹಾಲಿನ ಹುಳಿ ಮುರಿಯಲಿಕ್ಕೆ ಸುಣ್ಣ ಹಾಕ್ಲಿಕ್ಕುಂಟು. ಟೀಚರ್ ಹೇಳಿದ ಉಪ್ಪಿನ ಜಾತಿಯದ್ದು ಅದರೊಳಗೆ ಇರ್ತದೆ."

"ನೀವು ಎಷ್ಟು ಕಲ್ತಿದ್ದೀರಿ?" ಅಧಿಕಾರಿ ಕೇಳಿದರು.

"ಐದನೇ ಕ್ಲಾಸು ಸರ್. ಮತ್ತೆ ಕಲ್ತದ್ದೆಲ್ಲ ಈ ಕಿಟಕಿಯಲ್ಲಿ."

ಅಧಿಕಾರಿ ನಕ್ಕರು. ನನಗೂ ಧೈರ್ಯ ಬಂತು. ಆಮ್ಲಕ್ಕೆ ಪ್ರತ್ಯಾಮ್ಲ ಸೇರಿದರೆ ತಟಸ್ಥೀಕರಣ, ಅದರಿಂದ ಲವಣ. ಕಬ್ಬಿನಲ್ಲೇ ಇರುವ ಲವಣಗಳೂ ಸೇರಿ ಕರೆಂಟನ್ನು ದಾಟಿಸುತ್ತವೆ ಎಂದು ಹಲಗೆಯ ಮೇಲೆ ಬರೆದೆ. ವರದಿ ಚೆನ್ನಾಗಿಯೇ ಬಂತು. ನನ್ನ ಕೆಲಸ ಉಳಿಯಿತು.

ಎರಡು ವರ್ಷದಲ್ಲಿ ಮಕ್ಕಳು ಕಡಿಮೆಯಾದರು. ಅಡುಗೆಗೆ ಒಬ್ಬರು ಸಾಕು, ಅಕ್ಕನನ್ನು ಬಿಡಿಸುವುದು ಎಂದಾಯಿತು. "ಯಾರಿಗಾದರೂ ಏನಾದರೂ ಹೇಳಲಿಕ್ಕೆ ಉಂಟಾ?" ಎಂದು ಮುಖ್ಯೋಪಾಧ್ಯಾಯರು ಸಭೆಯಲ್ಲಿ ಕೇಳಿದರು. ನಾನು ಆಗಲೂ ಅತಿಥಿ ಶಿಕ್ಷಕಿಯೇ. ತಲೆ ತಗ್ಗಿಸಿ ಕುಳಿತೆ. ಹೋಗುವ ದಿನ ಅಕ್ಕ "ಬರ್ತೇನೆ ಟೀಚರ್" ಎಂದರು, ಅಷ್ಟೇ...

ಆಮೇಲೆ ಪೊಳಲಿಯ ಹತ್ತಿರ ಮಗಳ ಮನೆಯಲ್ಲಿದ್ದರಂತೆ. ಒಮ್ಮೆ ಹೋಗಿ ಬರುವ ಎಂದುಕೊಳ್ಳುತ್ತಲೇ ಇದ್ದೆ. ಹೋದ ವರ್ಷ ತೀರಿಕೊಂಡ ಸುದ್ದಿ ಬಂತು.

ಈಗ ಬೆಳ್ತಂಗಡಿಯಲ್ಲಿ ನನ್ನದು ಖಾಯಂ ಕೆಲಸ. ಸಭೆಗಳಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡುವವಳು ನಾನೇ ಎನ್ನುತ್ತಾರೆ. ಆ ಒಂದು ಸಭೆಯಲ್ಲಿ ಮಾತ್ರ ಮಾತಾಡಲಿಲ್ಲ.