ವಸಂತಿಗೆ ಸಿಗದ ಕರೆಂಟ್ ಮಶಿನ್

ವಸಂತಿಯ ಪ್ರೇಮ ಬಯಲಾದದ್ದು ಬಿಕ್ಕಳಿಕೆಯಿಂದ.

1981ರ ಜನವರಿ. ಠಾಣೆಯ ಬೇಲಾಪುರ ರಸ್ತೆಯಲ್ಲಿದ್ದ ನಮ್ಮ ಪಂಪು ಕಾರ್ಖಾನೆಯ ಆಫೀಸಿನಲ್ಲಿ ಹೆಂಗಸರೆಲ್ಲ ಟೈಪಿಂಗ್ ಮೇಜುಗಳನ್ನು ಒಟ್ಟಿಗೆ ಜರುಗಿಸಿ ಊಟಕ್ಕೆ ಕುಳಿತಿದ್ದೆವು. ವಸಂತಿ ತನ್ನ ಡಬ್ಬಿಯಿಂದ ಏನನ್ನೋ ಮುರಿದಳು. ಟಪ್ ಎಂದಿತು. ವಸಂತಿಯಂಥ, ನನ್ನಂಥ ಉಡುಪಿ ಕಡೆಯವರ ಡಬ್ಬಿಯಲ್ಲಿ ಸದ್ದು ಮಾಡುವ ವಸ್ತು ಹಪ್ಪಳ ಒಂದೇ. ಇದು ಹಪ್ಪಳವಲ್ಲ, ಕಟಕಲು ಜೋಳದ ರೊಟ್ಟಿ. ಅದಕ್ಕೆ ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು ಬಾಯಿಗಿಟ್ಟಳು. ಆಮೇಲೆ ಹತ್ತಿದ ಬಿಕ್ಕಳಿಕೆ ಪಕ್ಕದ ಶೆಡ್ಡಿನ ಟೆಸ್ಟಿಂಗ್ ಪಂಪಿಗಿಂತ ಜೋರಾಗಿತ್ತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕನ್ನಡಕದ ತುಂಬ ಮಂಜು.

ಚಹಾ ಮಾಡುವ ಚಂದ್ರಬಾಯಿ ನೀರು ಹಿಡಿದು ಓಡಿಬಂದಳು. ಅವಳು ಅಫಜಲಪುರದ ಕಡೆಯವಳು. ರೊಟ್ಟಿ ನೋಡಿದ್ದೇ ಕಣ್ಣು ಅಗಲವಾದವು. "ಅಗ ಬಾಯಿ, ಇದು ನಮ್ಮ ಕಡಿ ರೊಟ್ಟಿ! ಜಯಲತಾ ಬಾಯಿ, ಮುಚ್ಚಳದ ಮ್ಯಾಲ ಏನ್ ಬರ್ದಾರ ನೋಡ್ರಿ."

ಸ್ಟೀಲ್ ಪಾತ್ರೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುವುದು ನಮ್ಮವರ ಪದ್ಧತಿ. ಅಲ್ಲಿದ್ದವರಲ್ಲಿ ಕನ್ನಡ ಓದಬಲ್ಲವರು ವಸಂತಿ ಮತ್ತು ನಾನು. ವಸಂತಿ ಬಿಕ್ಕುತ್ತಿದ್ದಳು. ಕಾನ್ವೆಂಟಿನಲ್ಲಿ ಕನ್ನಡವನ್ನು ಸೆಕೆಂಡ್ ಲ್ಯಾಂಗ್ವೇಜ್ ಆಗಿ ಕಲಿತವಳಾದ್ದರಿಂದ ನಾನು ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವಂತೆ, ಓದಿದೆ: "ಕಾ, ಶ, ವ್ವ."

ಕಾಶವ್ವ ನಮ್ಮ ಮ್ಯಾನೇಜರರ ತಾಯಿ. ದಸರೆಯ ಪೂಜೆಗೆ ಆಫೀಸಿಗೆ ಬಂದು ನಮ್ಮ ಟೈಪ್‌ರೈಟರುಗಳಿಗೆಲ್ಲ ಕುಂಕುಮ ಹಚ್ಚಿ ಹೋದವರು. ಎಲ್ಲರೂ ಒಟ್ಟಿಗೆ ಕ್ಯಾಬಿನ್ನಿನ ಗಾಜಿನ ಕಡೆ ತಿರುಗಿದೆವು. ಅಲ್ಲಿ ಮ್ಯಾನೇಜರ್ ಮುರುಗೆಪ್ಪ ವಸಂತಿಯ ಮನೆಯ ಪತ್ರೊಡೆಯನ್ನು ಕಣ್ಣು ಮುಚ್ಚಿಕೊಂಡು ಜಗಿಯುತ್ತಿದ್ದರು.

ಮುರುಗೆಪ್ಪ ವಿಜಾಪುರದವರು, ಮೂವತ್ತೆರಡು ವಯಸ್ಸು, ಎತ್ತರದ ಆಳು, ಡೊಂಬಿವಲಿ ಪೂರ್ವದಲ್ಲಿ ಎರಡು ಕೋಣೆಯ ಸ್ವಂತ ಬ್ಲಾಕು, ಮದುವೆಯಾಗಿಲ್ಲ. ಆಫೀಸಿನ ಪ್ರತಿ ಕುಮಾರಿಗೂ ಈ ವಿವರಗಳು ಬಾಯಿಪಾಠವಾಗಿದ್ದವು. ನನಗೆ ಕಾನ್ವೆಂಟಿನ ಪ್ರಾರ್ಥನೆಗಳೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಮಾರಲ್ ಸೈನ್ಸ್ ತರಗತಿಯಲ್ಲಿ ಸಿಸ್ಟರು ಹೊಟ್ಟೆಕಿಚ್ಚಿನ ಬಗ್ಗೆ ಎಷ್ಟೋ ಹೇಳಿದ್ದರು. ಪಕ್ಕದ ಮೇಜಿನವಳಿಗೆ ಬಾಸ್ ಸಿಕ್ಕಿದರೆ ಏನು ಮಾಡಬೇಕೆಂಬುದು ಸಿಲೆಬಸ್ಸಿನಲ್ಲಿ ಇರಲಿಲ್ಲ.

ಅದೂ ಯಾರಿಗೆ? ವಸಂತಿಗೆ! ನನ್ನ ಭುಜದವರೆಗೆ ಬರುವ ಹುಡುಗಿ, ದಪ್ಪ ಕನ್ನಡಕ, ಡೊಂಬಿವಲಿ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ ಗಲ್ಲಾಕ್ಕೆ ಕೂರುವ ತಂದೆ. ಒಂದು ಮಾತ್ರ ಒಪ್ಪಲೇಬೇಕು. ಅವಳು ಟೈಪಿಗೆ ಕೂತರೆ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬಿದ್ದ ಹಾಗೆ. ನನಗೆ ಸಿಸ್ಟರುಗಳು ಸ್ಪೆಲ್ಲಿಂಗ್ ಕಲಿಸಿದ್ದರು, ಸ್ಪೀಡ್ ಕಲಿಸಿರಲಿಲ್ಲ. ಎರಡು ಬೆರಳಿನಲ್ಲಿ, ತಪ್ಪಿಲ್ಲದೆ, ಸಂಜೆಯವರೆಗೆ ಕುಟ್ಟುತ್ತಿದ್ದೆ. ನಾವೆಲ್ಲ ಗಂಡಂದಿರ ಕನಸು ಕಾಣುವ ವಯಸ್ಸಿನಲ್ಲಿ ವಸಂತಿ ಕರೆಂಟಿನಲ್ಲಿ ನಡೆಯುವ ಟೈಪ್‌ರೈಟರಿನ ಕನಸು ಕಾಣುತ್ತಿದ್ದಳು. ಠಾಣೆಯ ಅಂಗಡಿಯೊಂದರ ಗಾಜಿನೊಳಗೆ ಅಂಥದ್ದೊಂದು ಇತ್ತು. ಅದರ ಮುಂದೆ ನಿಂತರೆ ಅವಳಿಗೆ ಕಂಪನಿ ಬಸ್ಸು ಹೋದದ್ದೂ ಗೊತ್ತಾಗುತ್ತಿರಲಿಲ್ಲ. "ಒಂದು ದಿನ ಸೀನಿಯರ್ ಸ್ಟೆನೊ ಆಗಿ ಇದರ ಮುಂದೆ ಕೂರ್ತೇನೆ ನೋಡು," ಎನ್ನುತ್ತಿದ್ದಳು.

ಡಬ್ಬಿ ಬದಲಾಗುತ್ತಿದ್ದದ್ದು ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ. ಭಾನುವಾರ ಇಬ್ಬರೂ ಠಾಣೆಯ ತಲಾವ್‌ಪಾಳಿ ಕೆರೆಯಲ್ಲಿ ದೋಣಿ ಹತ್ತುತ್ತಿದ್ದರಂತೆ. ಅಲ್ಲಿನ ಅರ್ಧ ಹೋಟೆಲಿನವರು ಅಪ್ಪನ ಪರಿಚಯದವರಾದ್ದರಿಂದ ವಸಂತಿ ಸುಡುವ ಬಿಸಿಲಿನಲ್ಲಿ ಮಳೆಗಾಲದ ದೊಡ್ಡ ಕೊಡೆ ಬಿಡಿಸಿಕೊಂಡು ಕೂರುತ್ತಿದ್ದಳಂತೆ. ಹಾಗಾಗಿ ಇಡೀ ಕೆರೆಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಆ ದೋಣಿಯನ್ನೇ.

ಸುದ್ದಿ ಬಯಲಾದ ಮೇಲೆ ಆಫೀಸು ಲಾಭದ ದಾರಿ ಕಾಯತೊಡಗಿತು. "ಪ್ರೇಮ ಆದ ಮೇಲೆ ಪ್ರೇಮೋಷನ್ ಆಗಲೇಬೇಕಲ್ಲ," ಎಂದು ನಾನು ಹಂಚಿದ ಚಟಾಕಿ ಮರಾಠಿಗೂ ಹಿಂದಿಗೂ ಅನುವಾದವಾಗಿ ಸ್ಟೋರ್ಸ್‌ವರೆಗೂ ಹೋಯಿತು. ಅದು ಕ್ಯಾಬಿನ್ನಿಗೂ ತಲುಪಿತೆಂದು ಕಾಣುತ್ತದೆ. ಮುರುಗೆಪ್ಪ ಹೆದರಿಬಿಟ್ಟರು. ಪಕ್ಷಪಾತದ ಮಾತು ಬರಬಾರದೆಂದು ಅವರು ವಸಂತಿಯ ಮೇಲೆ ನ್ಯಾಯದ ಧಾರಾಳ ಪ್ರಯೋಗ ಶುರುಮಾಡಿದರು.

ರೈಲು ತಡವಾದರೆ ಕಂಪನಿ ಬಸ್ಸು ಠಾಣೆಯಲ್ಲಿ ಕಾಯುತ್ತಿರಲಿಲ್ಲ. ಅದೇ ರೈಲಿನ ಫಸ್ಟ್ ಕ್ಲಾಸಿನಿಂದ ಇಳಿದ ಮುರುಗೆಪ್ಪ ಸ್ಟೇಷನ್ನಿನ ಹೊರಗೆ ನಿಲ್ಲಿಸಿದ್ದ ಸ್ಕೂಟರ್ ಏರಿ ಹೊರಡುತ್ತಿದ್ದರು. ಅದೇ ರೈಲಿನ ಲೇಡೀಸ್ ಡಬ್ಬಿಯಿಂದ ಇಳಿದ ವಸಂತಿ ಊರ ಬಸ್ಸಿಗೆ ಜೋತುಬೀಳುತ್ತಿದ್ದಳು. ಸ್ಕೂಟರಿನ ಹಿಂದೆ ಕೂರಿಸಿಕೊಂಡರೆ ಜನ ನೋಡುತ್ತಾರಲ್ಲ! ಅವಳು ಬೆವರು ಒರೆಸುತ್ತ ಬಾಗಿಲಿಗೆ ಬರುವಷ್ಟರಲ್ಲಿ ಅವರು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಕೆಂಪು ಗೆರೆ ಎಳೆದು ಮುಗಿಸಿರುತ್ತಿದ್ದರು. ತಾಯಿಯ ಕೆಂಪು ಬಾಯಿಗೆ, ಮಗನ ಕೆಂಪು ಸಂಬಳಕ್ಕೆ.

ಚೌತಿಗೆ ನಾವಿಬ್ಬರೂ ರಜೆ ಕೇಳಿದೆವು. ನನಗೆ ಸಿಕ್ಕಿತು. ಅವಳಿಗೆ "ಕೆಲಸದ ಒತ್ತಡ" ಸಿಕ್ಕಿತು. ಹೊಸ ಫ್ಯಾನು ಬಂತು, ನನ್ನ ತಲೆಯ ಮೇಲೆ ತೂಗಿತು. ಬಾಸನ್ನು ಪ್ರೀತಿಸಿದವಳು ವಸಂತಿ, ಅದರ ಗಾಳಿ ಬೀಸಿದ್ದು ನನಗೆ. ಮೊದಮೊದಲು ಇದು ವಿಚಿತ್ರ ಅನ್ನಿಸಿತು. ಆಮೇಲೆ, ಹೆಣ್ಣು ಜೀವವಲ್ಲವೇ, ಬೇರೊಂದು ಅರ್ಥ ಹೊಳೆಯಿತು. ಉಲ್ಹಾಸನಗರಕ್ಕೆ ಹೋಗಿ ಒಂದು ಹೂಬಣ್ಣದ ನೈಲೆಕ್ಸ್ ಸೀರೆ ತಂದೆ.

ದೀಪಾವಳಿಯ ಹಿಂದಿನ ವಾರ ಕರೆಂಟ್ ಮಶಿನ್ ಬಂದೇಬಂತು. ವಸಂತಿ ಅಂಗಡಿಯಲ್ಲಿ ನೋಡುತ್ತಿದ್ದಂಥದ್ದೇ. ಪೆಟ್ಟಿಗೆ ಒಡೆಯುವಾಗ ಅವಳು ಎದ್ದು ನಿಂತಿದ್ದಳು, ಕೈ ತೊಳೆದುಕೊಂಡು ಬಂದಿದ್ದಳು ಕೂಡ. ಅದರ ಮುಂದೆ ಯಾರು ಕೂರುತ್ತಾರೋ ಅವರೇ ಸೀನಿಯರ್ ಸ್ಟೆನೊ ಎಂಬುದು ಎಲ್ಲರಿಗೂ ಗೊತ್ತಿತ್ತು. ಮುರುಗೆಪ್ಪ ಹೊರಗೆ ಬಂದರು, ಯಾರ ಮುಖವನ್ನೂ ನೋಡದೆ ಹೇಳಿದರು: "ಜಯಲತಾ ಅವರ ಟೇಬಲ್ ಮ್ಯಾಲೆ ಇಡ್ರಿ."

ವಸಂತಿ ತನ್ನ ಹಳೆಯ ಮಶಿನ್ನಿಗೆ ಮರಳಿದಳು. ಮಧ್ಯಾಹ್ನ ಡಬ್ಬಿ ತೆರೆಯಲಿಲ್ಲ. ಸಂಜೆ ಎಲ್ಲರೂ ಬಸ್ಸಿನ ಕಡೆ ಹೊರಟಾಗ ನೆಟ್ಟಗೆ ಕ್ಯಾಬಿನ್ನಿಗೆ ಹೋದಳು. ನನ್ನ ಹೊಸ ಮಶಿನ್ನು ಸುಮ್ಮನಿದ್ದರೂ ಗುಂಯ್ ಎನ್ನುತ್ತಿತ್ತು; ಸ್ವಿಚ್ ಆರಿಸಿದೆ, ಮಾತು ಸ್ಪಷ್ಟ ಕೇಳಲಿ ಎಂದು. ಚಂದ್ರಬಾಯಿ ಕಸಬರಿಗೆ ಹಿಡಿದು ಬಾಗಿಲ ಬಳಿ ಗುಡಿಸಿದ್ದನ್ನೇ ಗುಡಿಸತೊಡಗಿದಳು.

"ನನಗಿಂತ ಸ್ಪೀಡ್ ಯಾರಿಗುಂಟು ಇಲ್ಲಿ? ಹೇಳಿ."

"ಯಾರಿಗೂ ಇಲ್ಲ."

"ಮತ್ತೆ?"

"ಮಂದಿ ಏನ ಅಂದಾರು, ವಸಂತಿ? ಮ್ಯಾನೇಜರ್ ತನ್ನ... ತನ್ನ ಇದಕ್ಕ ಕೊಟ್ಟ ಅಂತಾರ."

"ನಾನು ನಿಮ್ಮ ಎಂತದು? ಆ ಶಬ್ದ ಒಂದು ಹೇಳಿಬಿಡಿ ಮೊದಲು."

"ಹೇಳ್ತೀನಿ. ಲಗ್ನಾ ಆಗೂಣು. ಅವ್ವನ ಮುಂದನೂ ಹೇಳೇನಿ."

ಚಂದ್ರಬಾಯಿಯ ಕಸಬರಿಗೆ ನಿಂತಿತು. ನನ್ನ ಉಸಿರೂ.

"ಮದುವೆ ಆದ ಮೇಲೆ ಮಶಿನ್ ಕೊಡ್ತೀರಾ?"

ಒಳಗೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಮುರುಗೆಪ್ಪನವರ ದೀನ ಸ್ವರ: "ಲಗ್ನ ಆದಮ್ಯಾಲಂತೂ ಕೊಡಾಕ ಬರೂದೇ ಇಲ್ಲಲ್ಲವಾ! ಹೇಣ್ತಿಗೆ ಕೊಟ್ಟ ಅಂತಾರ."

"ಹಾಗಾದ್ರೆ ನನಗೆ ಈ ಬಾಸ್ ಬೇಡ," ಎಂದಳು ವಸಂತಿ. ಬಾಗಿಲು ತೆರೆದು, ನಮ್ಮಿಬ್ಬರನ್ನೂ ದಾಟಿ, ಹೊರಟೇಹೋದಳು.

"ಮುರೀತು," ಎಂದಳು ಚಂದ್ರಬಾಯಿ, ರೊಟ್ಟಿಯ ವಿಷಯ ಹೇಳಿದ ಹಾಗೆ.

ಸೋಮವಾರ ಅವಳ ರಾಜೀನಾಮೆ ಬಂತು. ತಿಂಗಳೊಳಗೆ ತುರ್ಭೆಯ ಒಂದು ಕೆಮಿಕಲ್ ಕಂಪನಿಯ ಸ್ಪೀಡ್ ಟೆಸ್ಟಿನಲ್ಲಿ ಗೆದ್ದು, ಸೀನಿಯರ್ ಸ್ಟೆನೊ ಆಗಿ ಸೇರಿದಳೆಂದು ಗೊತ್ತಾಯಿತು. ನನ್ನ ಹೊಟ್ಟೆಯೊಳಗಿನ ಕಿಚ್ಚಿಗೆ ಮೊದಲ ಸಲ ಒಂದು ಲೋಟ ತಣ್ಣೀರು ಬಿದ್ದಂತಾಯಿತು. ಮುರುಗೆಪ್ಪ ಈಗ ಕ್ಯಾಂಟೀನಿನ ಅನ್ನ ಉಣ್ಣುತ್ತಿದ್ದರು. ನನ್ನ ಪತ್ರೊಡೆಯೇನೂ ಕಡಿಮೆಯಲ್ಲ. ಮಾರನೆಯ ವಾರ ಹೂಬಣ್ಣದ ಸೀರೆ ಉಟ್ಟು, ಕಾಗದಗಳಿಗೆ ಸಹಿ ಬೇಕೆಂಬ ನೆವ ಮಾಡಿಕೊಂಡು ಕ್ಯಾಬಿನ್ನಿಗೆ ಹೋದೆ.

"ಕೂಡ್ರಿ, ಜಯಲತಾ," ಎಂದರು. ಹಿಂದೆಂದೂ ಕೂಡ್ರಿ ಎಂದವರಲ್ಲ. "ನಿಮಗೊಂದು ಖಾಸಗಿ ಮಾತು ಕೇಳಬೇಕಂತ ಬಾಳ ದಿನದಿಂದ ಮನಸ್ಸಿನ್ಯಾಗ ಇತ್ತು."

"ಕೇಳಿ ಸರ್," ಎಂದೆ.

"ನಿಮ್ಮ ಉಡುಪಿ ಕಡೆ ಮದುವ್ಯಾಗ ವರಗ ಬಾಸಿಂಗ ಕಟ್ತಾರೇನ್ರಿ? ವಸಂತಿನ್ನ ಕೇಳಿದ್ರ ಬರೇ ನಗ್ತಾಳ."

ಅಂದರೆ ಅವಳು ಬಿಟ್ಟದ್ದು ಬಾಸನ್ನು ಮಾತ್ರ, ಬಾಸಿಂಗವನ್ನಲ್ಲ. ಡಬ್ಬಿ ನಿಂತಿದ್ದದ್ದು ರೈಲಿನ ಹೊತ್ತು ಬೇರೆಯಾದದ್ದರಿಂದ! ವೈಶಾಖದಲ್ಲಿ ಡೊಂಬಿವಲಿಯಲ್ಲೇ ಮದುವೆಯಾಯಿತು. ವಸಂತಿಯ ತಂದೆ ಜಾತಿ, ಜಿಲ್ಲೆ ಎಂದು ಸ್ವಲ್ಪ ದಿನ ಗೊಣಗಿ, ಕೊನೆಗೆ "ಹೇಗೂ ಪರ್ಮನೆಂಟ್ ನೌಕರಿ ಉಂಟಲ್ಲ" ಎಂದು ಗಲ್ಲಾದಿಂದ ಎದ್ದು ಬಂದರಂತೆ. ಊಟದಲ್ಲಿ ಒಂದು ಸಾಲಿಗೆ ರಂಜಕ, ಒಂದು ಸಾಲಿಗೆ ಸಾರು. ಸ್ಕೂಟರಿನ ಹಿಂದಿನ ಸೀಟಿನಲ್ಲಿ ವಸಂತಿ ಮೊದಲ ಸಲ ಕೂತದ್ದನ್ನು ನಾನು ಮಂಟಪದ ಬಾಗಿಲಲ್ಲಿ ನಿಂತು ನೋಡಿದೆ. ಹೂಬಣ್ಣದ ಸೀರೆಯ ಮೇಲೆ ಸಾರು ಚೆಲ್ಲಿಕೊಂಡಿತ್ತು. ಸೋಮವಾರ ಆಫೀಸಿಗೆ ಹೋದರೆ ಮಶಿನ್ ನನ್ನನ್ನೇ ನೋಡಿ ಗುಂಯ್ ಎಂದಿತು.

ನನಗೂ ಆಮೇಲೆ ಮದುವೆಯಾಯಿತು, ಬಾಸ್ ಅಲ್ಲದ, ಯಾರಿಗೂ ಬಾಸ್ ಆಗಲಾರದ ಸಜ್ಜನರ ಜೊತೆ. 1988ರಲ್ಲಿ ಒಂದು ಭಾನುವಾರ ಕೋಪರಖೈರಣೆಯ ವಸಂತಿಯ ಹೊಸ ಮನೆಗೆ ಹೋಗಿದ್ದೆ. ಮುರುಗೆಪ್ಪ ಸೀಮೆಎಣ್ಣೆಯ ಸಾಲಿನಲ್ಲಿ ನಿಲ್ಲಲು ಹೋಗಿದ್ದರು. ಕಾಶವ್ವ ಒಳಕೋಣೆಯಲ್ಲಿ ಮಲಗಿದ್ದರು. ಅಡುಗೆಮನೆಯಲ್ಲಿ ವಸಂತಿ ಈಗ ಬಿಕ್ಕಳಿಕೆಯಿಲ್ಲದೆ ರಂಜಕ ರುಬ್ಬುತ್ತಿದ್ದಳು. ಏಳು ವರ್ಷದಿಂದ ನಾಲಿಗೆಯ ತುದಿಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ.

"ಆಗ ಫ್ಯಾನು, ರಜೆ, ಮಶಿನ್, ಎಲ್ಲ ನನಗೇ ಬರ್ತಿತ್ತಲ್ಲ ವಸಂತಿ. ನಿಜ ಹೇಳು, ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಆಗ್ಲಿಲ್ವಾ?"

ಅವಳು ರುಬ್ಬುವುದನ್ನು ನಿಲ್ಲಿಸಿದಳು. "ಆಗದೆ ಇರ್ತದಾ? ಹೊಟ್ಟೆ ಉರಿದುಹೋಗಿತ್ತು ಮಾರಾಯ್ತಿ."

ಏಳು ವರ್ಷಕ್ಕೆ ಸಿಕ್ಕ ಸಮಾಧಾನ. ಸೆರಗು ಸರಿಮಾಡಿಕೊಂಡು ಹತ್ತಿರ ಜರುಗಿದೆ. "ಇವರು ಎಲ್ಲಿ ನನ್ನ ಕಡೆ ವಾಲಿಬಿಡ್ತಾರೋ ಅಂತಲಾ?"

"ಇವರಾ?" ವಸಂತಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. "ಇವರ ಆಲೋಚನೆ ಯಾರಿಗಿತ್ತು? ಅಷ್ಟು ಚಂದದ ಮಶಿನನ್ನು ನೀನು ಎರಡು ಬೆರಳಲ್ಲಿ ಕುಟ್ತಿದ್ದೆಯಲ್ಲ, ಅದನ್ನು ನೋಡ್ಲಿಕ್ಕೆ ಆಗ್ತಿರಲಿಲ್ಲ."